ಯಲ್ಲಾಪುರದ ಬೂದು ಕಾರು ಮತ್ತು ನೂರ್ ಅಹ್ಮದ್ ಮಾಸ್ತರರು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಇಂದು ಬಸ್ಸು, ಲಾರಿ, ಜೀಪುಗಳ ದುರಸ್ತಿಯಿಂದ ಬದುಕು ಕಟ್ಟಿಕೊಂಡವರಲ್ಲಿ ನೂರ್ ಅಹ್ಮದ್ ಮಾಸ್ತರರ ಶಿಷ್ಯರಲ್ಲದವರನ್ನು ಹುಡುಕುವುದು ಕಷ್ಟ. ಎಪ್ಪತ್ತರ ದಶಕದ ಕೊನೆಗೆ ಶಿರಸಿಯ ತರಬೇತಿ ಸಂಸ್ಥೆಯ ಮೋಟಾರು ವಿಭಾಗಕ್ಕೆ ಬಂದು, ಈ 2008ರಲ್ಲಿ ನಿವೃತ್ತರಾಗುತ್ತಿರುವ ಅವರು ಶಿಷ್ಯರಿಗೆ ವಿದ್ಯೆಯ ಜೊತೆಗೆ ಅನ್ನವನ್ನೂ ಕೊಟ್ಟವರು. ಇಡಗುಂದಿಯ ವಿದ್ಯಾರ್ಥಿಯೊಬ್ಬ ಕೈ ಜಜ್ಜಿಕೊಂಡಾಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದು, ಗಾಯ ಮಾಯುವವರೆಗೆ ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ಪತ್ನಿ ಜುಬೇದಾ ಅವರು ಅವನಿಗೆ ತುತ್ತು ಮಾಡಿ ಉಣಿಸಿದ್ದನ್ನು ಸಂಸ್ಥೆ ಇನ್ನೂ ಮರೆತಿಲ್ಲ. ಎಂಥ ಎಂಜಿನ್ನಿಗೂ ಅಂಜದ ಈ ಮಾಸ್ತರರು ಒಂದೇ ಒಂದು ಎಂಜಿನ್ನಿಗೆ ಅಂಜಿದ್ದರು.

ಅದು ಯಲ್ಲಾಪುರದ ವೆಂಕಟ್ರಮಣ ಭಟ್ಟರ ಮನೆಯ ಬೂದು ಬಣ್ಣದ ವಿಲಾಯತಿ ಕಾರು. ಮಾಸ್ತರರ ತಂದೆ ಅದರ ಡ್ರೈವರಾಗಿದ್ದರು. ಅರವತ್ತಾರನೆಯ ಇಸವಿಯ ಬೇಸಗೆಯಲ್ಲಿ ಒಂದು ದಿನ, ಎದೆನೋವೆಂದ ಭಟ್ಟರನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಶಿರಸಿಯ ಆಸ್ಪತ್ರೆಗೆ ಹೊರಟಾಗ, ಭೈರುಂಬೆಯ ಹತ್ತಿರದ ತಿರುವಿನಲ್ಲಿ ಎಂಜಿನ್ನು ಕಿರುಚಿ ಜಾಮಾಯಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಭಟ್ಟರ ಉಸಿರು ನಿಂತಿತ್ತು. ಡ್ರೈವರು ಎಣ್ಣೆ ನೋಡದೆ ಗಾಡಿ ಹೊಡೆದ ಎಂದು ಊರು ಆಡಿಕೊಂಡಿತು. “ಎಣ್ಣೆ ಇತ್ತು” ಎಂದಷ್ಟೇ ಹೇಳುತ್ತ ಬಂದ ತಂದೆ ಮತ್ತೆಂದೂ ಸ್ಟೀರಿಂಗು ಮುಟ್ಟಲಿಲ್ಲ. ಕೊನೆಯುಸಿರಿನ ಹೊತ್ತಿಗೂ ಅದೇ ಮಾತು. ಎಣ್ಣೆಯಿಲ್ಲದ ಎಂಜಿನ್ನು ಹೇಗೆ ಜಾಮಾಗುತ್ತದೆ ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದ ಮಗನಿಗೆ ಆ ಮಾತನ್ನು ನಂಬಲಾಗಿರಲಿಲ್ಲ.

1996ರ ರಜೆಯಲ್ಲಿ ಭಟ್ಟರ ಮಗ ಶಾಂತಾರಾಮರು ತಾಯಿಯ ಮಾತು ಹೊತ್ತು ಮಾಸ್ತರರನ್ನು ಹುಡುಕಿಕೊಂಡು ಬಂದರು. “ಆಯಿಗೆ ಅದೇ ಕಾರಲ್ಲಿ ಶಿರಸಿಗೆ ಹೋಗ್ಬೇಕಂತೆ ಮಾಸ್ತರೇ. ಬೇರೆ ಯಾರೂ ಮುಟ್ಟೋದು ಬೇಡ, ನೂರ್ ಅಹ್ಮದನೇ ಬರ್ಲಿ ಅಂತಾಳೆ.”

ಅಂದಿನಿಂದ ಕಾರು ನಿಂತೇ ಇದ್ದ ಶೆಡ್ಡಿನ ಬೀಗ ಒಡೆದು ಬಾಗಿಲು ತೆಗೆದರು. ಕಾರಿನ ಒಳಗೂ ಹೊರಗೂ ಧೂಳು ಕಂಬಳಿಯಂತೆ ಕೂತಿತ್ತು. ಹಿಂದಿನ ಸೀಟಿನಲ್ಲಿ ಮಾತ್ರ, ಒಬ್ಬ ಮನುಷ್ಯ ಒರಗುವಷ್ಟು ಜಾಗ ಒಂದು ಕಣ ಧೂಳಿಲ್ಲದೆ ನುಣ್ಣಗಿತ್ತು. ಒರೆಸಿದ್ದು ಯಾರೆಂದು ಕೇಳಿದರೆ, ಶೆಡ್ಡಿನ ಕೀಲಿ ಕಳೆದೇ ಎಷ್ಟೋ ವರ್ಷವಾಯಿತು ಎಂದರು ಶಾಂತಾರಾಮರು.

ಮಾಸ್ತರರು ಪ್ಲಗ್ಗುಗಳನ್ನು ಬಿಚ್ಚಿ, ಬಿಗಿದುಕೊಂಡ ಪಿಸ್ಟನ್ನುಗಳ ಮೇಲೆ ಡೀಸೆಲ್ಲು ಬೆರೆಸಿದ ಎಣ್ಣೆ ಸುರಿದು ನೆನೆಯಲು ಬಿಟ್ಟರು. ಮೈಭಾರವೆಲ್ಲ ಹಾಕಿದರೂ ಎಂಜಿನ್ನು ತಿರುಗಿಸುವ ಮುಂದಿನ ಹ್ಯಾಂಡಲ್ಲು ಕದಲಲಿಲ್ಲ. ಕದಲಿದರೆ ತಿಳಿಯಲೆಂದು ಎಂಜಿನ್ನಿನ ಪುಲ್ಲಿ ಚಕ್ರದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಹೊಸ ಬೀಗ ಜಡಿದು, ಕೀಲಿಯನ್ನು ಕಿಸೆಗೆ ಹಾಕಿಕೊಂಡು ಹೋದರು. ಬೆಳಿಗ್ಗೆ ಬಂದು ನೋಡಿದರೆ ಗೆರೆ ಬೆರಳಗಲ ಸರಿದಿತ್ತು. ಅಳತೆ ತಪ್ಪಿತೇನೋ ಎಂದುಕೊಂಡು ಬೇರೆ ಗೆರೆ ಎಳೆದರು. ಮರುದಿನ ಅದೂ ಸರಿದಿತ್ತು. ಎಂಜಿನ್ನು ಓಡುವ ದಿಕ್ಕಿಗೇ, ಅಷ್ಟೇ ಅಗಲ.

ಒಂದು ನಡುಮಧ್ಯಾಹ್ನ ಅವರು ಬಾನೆಟ್ಟಿನೊಳಗೆ ಬಗ್ಗಿದ್ದಾಗ, ಹಿಂದಿನ ಸೀಟಿನ ಸ್ಪ್ರಿಂಗುಗಳು ಯಾರೋ ಮಗ್ಗುಲು ಬದಲಿಸಿದಂತೆ ಸಣ್ಣಗೆ ನರಳಿದವು. ಮಾಸ್ತರರು ತಿರುಗಿ ನೋಡಲಿಲ್ಲ. ತುಟಿಯೊಳಗೇ ದುವಾ ಓದುತ್ತ ನಟ್ಟಿಗೆ ಹಾಕಿದ ಪಾನಾ ತಿರುಗಿಸುತ್ತಲೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರೆ ಬಾಗಿಲಲ್ಲಿ ಭಟ್ಟರ ಹೆಂಡತಿ ಸೀತಮ್ಮನವರು ನಿಂತಿದ್ದರು.

“ಎಣ್ಣೆ ಕಡ್ಡಿ ತೆಗ್ದು ನೋಡಿದ್ಯನೋ ನೂರಾ?”

“ಇಲ್ಲ ಅಮ್ಮಾ.”

“ಹೆದ್ರಿಕೆನಾ?”

“ಹೌದು.”

“ನಂಗೂ ಅದೇ. ಆ ದಿವ್ಸದ ಮೇಲೆ ನಿನ್ನಪ್ಪನ ಮುಖ ನಾ ನೋಡ್ಲೇ ಇಲ್ಲೆ. ತೆಗಿ, ನನ್ನೆದ್ರಿಗೇ ತೆಗಿ.”

ಮಾಸ್ತರರು ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಎಳೆದರು. ಡಾಂಬರಿನಂತೆ ಕಪ್ಪಾದ ಎಣ್ಣೆ ತುದಿಯಿಂದ ಮೇಲಿನ ಗುರುತಿನವರೆಗೂ ಅಂಟಿತ್ತು. ಕಾರಿನಡಿಗೆ ನುಗ್ಗಿ ಎಂಜಿನ್ನಿನ ತಳದ ಎಣ್ಣೆ ತಟ್ಟೆ ಇಳಿಸಿದರೆ, ಎಣ್ಣೆಯನ್ನು ಮೇಲಕ್ಕೆತ್ತುವ ಪಂಪಿನ ಪಿನ್ನು ಎರಡು ತುಂಡಾಗಿ ಬಿದ್ದಿತ್ತು. ಅವರು ಎರಡೂ ತುಂಡುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿದರು.

“ಎಣ್ಣೆ ಇತ್ತು ಅಮ್ಮಾ,” ಎಂದರು, ಅಲ್ಲಿಂದಲೇ. “ಪಿನ್ನು ತುಂಡಾಗಿ ಮೇಲೆ ಹೋಗ್ಲಿಲ್ಲ ಅಷ್ಟೇ.”

“ಹಂಗಾರೆ ಅವ ಖರೇನೇ ಹೇಳಿದ್ದ,” ಎಂದ ಸೀತಮ್ಮನವರು ಹೊಸ್ತಿಲ ಮೇಲೆಯೇ ಕುಳಿತರು.

ಮರುದಿನ ಹ್ಯಾಂಡಲ್ಲು ಒಂದೇ ಕೈಗೆ ತಿರುಗಿತು. ಹುಬ್ಬಳ್ಳಿಯಿಂದ ಬೇರಿಂಗು, ರಿಂಗುಗಳನ್ನು ತರಿಸಿ, ರಜೆಯ ದಿನಗಳಲ್ಲಿ ಬಂದು ಬಂದು ಜೋಡಿಸಿ, ದೀಪಾವಳಿ ಕಳೆದ ಮೇಲೆ ಮಾಸ್ತರರು ಕಾರನ್ನು ಹೊರಗೆ ತಂದರು. ಹಿಂದಿನ ಬಾಗಿಲು ತೆಗೆದು ನಿಂತರೆ ಸೀತಮ್ಮನವರು ತಲೆಯಾಡಿಸಿದರು.

“ಅಲ್ಲಿ ಜಾಗ ಇಲ್ಲೆ. ನಾ ಮುಂದೆ ಕೂರ್ತೆ.”

ಶಾಂತಾರಾಮರು ಸ್ಕೂಟರು ತೆಗೆದು ಹಿಂದೆ ಬಂದರು. ಭೈರುಂಬೆಯ ತಿರುವು ಬಂದಾಗ ಮಾಸ್ತರರು ಗೇರು ಇಳಿಸಿದರು. ಎಂಜಿನ್ನು ತಡವರಿಸದೆ ದಾಟಿತು. ಹಿಂದಿನಿಂದ ಮಾತ್ರ ಯಾರೋ ಕಷ್ಟಪಟ್ಟು ಎಳೆದುಕೊಳ್ಳುವ ಉಸಿರು ದಾರಿಯುದ್ದಕ್ಕೂ ಕೇಳುತ್ತಿತ್ತು. ಶಿರಸಿಯ ಆಸ್ಪತ್ರೆಯ ಗೇಟಿನೆದುರು, ಹಾಡುಹಗಲಲ್ಲಿ, ಜನ ಓಡಾಡುತ್ತಿದ್ದಂತೆಯೇ, ಎಂಜಿನ್ನು ತಾನಾಗಿ ನಿಂತಿತು.

ಸೀತಮ್ಮನವರು ಹಿಂದಕ್ಕೆ ತಿರುಗದೆ ಹೇಳಿದರು: “ಬಂತು. ಇಳೀರಿ.”

ಹಿಂದಿನ ಬಾಗಿಲು ತೆರೆಯಿತು. ಕಾರಿನ ಮೈ ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾಯಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಸ್ಕೂಟರಿನ ಮೇಲಿದ್ದ ಶಾಂತಾರಾಮರೂ ಇದನ್ನು ಕಂಡರು. ಯಾರಾದರೂ ಇಳಿದದ್ದನ್ನು ಮಾತ್ರ ಕಾಣಲಿಲ್ಲ.

ಮರಳುವಾಗ ಸೀತಮ್ಮನವರು ಹಿಂದಿನ ಸೀಟಿನಲ್ಲಿ ಕುಳಿತು ಯಲ್ಲಾಪುರದವರೆಗೂ ನಿದ್ದೆ ಮಾಡಿದರು. ಅವರನ್ನು ಮನೆಗೆ ಬಿಟ್ಟ ಮಾಸ್ತರರು ಆ ಸಂಜೆ ತಂದೆಯ ಕಬರಿನ ಬಳಿಗೆ ಹೋಗಿ, ಹೇಳಬೇಕಾದ್ದನ್ನು ಹೇಳಿ ಬಂದರು. ಹೇಳಿದ್ದೇನೆಂದು ಶಿಷ್ಯರಾದ ನಾವು ಯಾರೂ ಕೇಳಿಲ್ಲ.

ಅಂದಿನಿಂದ ಎಷ್ಟೋ ಮನೆಗಳವರು ಮೂಲೆ ಸೇರಿದ ಗಾಡಿಗಳನ್ನು ಅವರಲ್ಲಿಗೆ ತರುತ್ತಿದ್ದಾರೆ. ಸೋಂದೆಯ ಹಳೆಯ ಕಾರೊಂದು ಈಗಲೂ ಅವರ ಅಂಗಳದಲ್ಲಿದೆ. ಬಾನೆಟ್ಟು ಎತ್ತುವ ಮೊದಲು ಮಾಸ್ತರರು ಕೇಳುವುದು ಒಂದೇ: “ಇದ್ರಲ್ಲಿ ಕಡೇಗೆ ಕೂತವ್ರು ಯಾರು?” ಉತ್ತರ ಬರುವವರೆಗೆ ಕೈ ಹಚ್ಚುವುದಿಲ್ಲ. ಹೀಗೆ ಕೇಳಿ ಕಾಯುವ ತಾಳ್ಮೆಯೂ, ನಡುಗದ ಕೈಯೂ, ತುಂಬು ಆಯುಷ್ಯವೂ ಅವರಿಗೆ ಇರಲಿ. ದಾರಿಯ ನಡುವೆ ನಿಂತವರು ಇನ್ನೂ ಹಲವರಿದ್ದಾರೆ.