ನೀರಿನ ಕೆಳಗಿನ ಮೆಟ್ಟಿಲು

ಸಂಜಯನಗರದಲ್ಲಿ ಸಣ್ಣ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಅಶ್ವತ್ಥನಿಗೆ ಹೊಟ್ಟೆ ತುಂಬುತ್ತಿದ್ದುದು ಮದುವೆ ಮುಂಜಿಗಳ ಫೋಟೊಗಳಿಂದ. ಆದರೆ ಅವನ ಜೀವವೆಲ್ಲ ಒಂದು ಹಳೆಯ ಸ್ಟೀರಿಯೊ ಕ್ಯಾಮೆರಾದ ಮೇಲೆ. ಮನುಷ್ಯನ ಕಣ್ಣುಗಳ ಹಾಗೆ ಅದಕ್ಕೆ ಪಕ್ಕಪಕ್ಕದಲ್ಲಿ ಎರಡು ಲೆನ್ಸ್. ಒಮ್ಮೆ ಗುಂಡಿ ಒತ್ತಿದರೆ ಎರಡು ಚಿತ್ರ. ಅವನ್ನು ಜೋಡಿಗಾಜಿನ ಡಬ್ಬಿಯಲ್ಲಿಟ್ಟು ನೋಡಿದರೆ ಆಳ, ದೂರ ಎಲ್ಲ ನಿಜದಲ್ಲಿದ್ದಂತೆಯೇ ಕಾಣುತ್ತಿತ್ತು.

2010ರ ಬೇಸಿಗೆಯಲ್ಲಿ ಅವನ ಅಣ್ಣ ಚಿಕ್ಕಬೈರಪ್ಪ, ಊರಂಚಿನ ಸಿಂಗಾಪುರ ಹಳ್ಳಿಯಲ್ಲಿದ್ದ ತಮ್ಮ ತೋಟದ ಬಾವಿ ಮುಚ್ಚಿಸಿ ಸೈಟು ಮಾಡುವುದೆಂದು ತೀರ್ಮಾನಿಸಿದ. ಸುದ್ದಿ ತಾಯಿ ಸುಬ್ಬಮ್ಮನ ಕಿವಿಗೂ ಬಿತ್ತು. ಅವಳ ಮೊದಲ ಮಗಳು ಲಕ್ಷ್ಮಿದೇವಿ ಚಿಕ್ಕಂದಿನಲ್ಲೇ ಆ ಬಾವಿಗೆ ಬಿದ್ದು ಸತ್ತಿದ್ದಳು. ನೀರೊಳಗೆ ಮುಳುಗಿದ್ದ ಮೆಟ್ಟಿಲ ಸಂದಿಗೆ ಲಂಗ ಸಿಕ್ಕಿಕೊಂಡಿತ್ತಂತೆ. ಸುಬ್ಬಮ್ಮ ಆಗ ತುಂಬಿದ ಬಸುರಿ. ಹೆಂಗಸರು ಅವಳನ್ನು ಹಿಡಿದುಕೊಂಡು ಬಾವಿಯತ್ತ ಹೋಗಲು ಬಿಟ್ಟಿರಲಿಲ್ಲ. ಈಗ ಮಂಡಿ ಸೋತು ಹೊಸಿಲು ದಾಟುವುದೇ ಕಷ್ಟ.

“ಮುಚ್ಚೋಕ್ ಮುಂಚೆ ಆ ಮೆಟ್ಲು ತೋರ್ಸಪ್ಪ,” ಎಂದು ಅವಳು ಅಶ್ವತ್ಥನನ್ನು ಕೇಳಿದಳು. “ನನ್ ಮಗೀನ ಎಲ್ಲಿಂದ ಎತ್ತಿದ್ರೋ ನೋಡ್ಬೇಕು.”

ಬಾವಿಯ ನೀರಿನ ಮೇಲೆ ಆಕಾಶ ಹೊಳೆಯುತ್ತ ಕೆಳಗಿನದನ್ನೆಲ್ಲ ಮರೆಮಾಡುತ್ತಿತ್ತು. ಆ ಹೊಳಪು ತಡೆಯಲು ಪೋಲರೈಸಿಂಗ್ ಫಿಲ್ಟರ್ ಎಂಬ ಗಾಜು ಬೇಕು; ಸರಿಯಾದ ಕೋನಕ್ಕೆ ತಿರುಗಿಸಿದರೆ ಮಾತ್ರ ಅದು ಹೊಳಪು ಕಳೆಯುತ್ತದೆ. ಲೆನ್ಸಿಗೊಂದರಂತೆ ಎರಡು, ಎರಡೂ ಒಂದೇ ಕೋನಕ್ಕೆ ತಿರುಗಿರಬೇಕು. ಆ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕವೇ ನೋಡುವ ಅನುಕೂಲವಿಲ್ಲ. ಅಶ್ವತ್ಥ ಒಂದೊಂದು ಫಿಲ್ಟರನ್ನೂ ಕಣ್ಣಿಗೆ ಹಿಡಿದು ತಿರುಗಿಸಿ, ಮೆಟ್ಟಿಲು ಕಂಡಾಗ ಅಂಚಿಗೆ ಗುರುತು ಹಾಕಿ ಲೆನ್ಸಿಗೆ ಸಿಕ್ಕಿಸಿದ. ಫೋಟೊ ತೆಗೆದು ರೋಲನ್ನು ಮುಂಬಯಿಯ ಲ್ಯಾಬಿಗೆ ಕಳಿಸಿದ.

ತಿಂಗಳ ಮೇಲೆ ಸ್ಲೈಡು ಬಂತು. ಡಬ್ಬಿಯಲ್ಲಿಟ್ಟು ನೋಡಿದರೆ ಕಣ್ಣು ಕುಕ್ಕಿತು. ಎಡಗಣ್ಣಿಗೆ ಮೆಟ್ಟಿಲು, ಬಲಗಣ್ಣಿಗೆ ಬರೀ ಆಕಾಶ. ಬಲಗಡೆಯ ಲೆನ್ಸಿನ ಮುಂದೆ ಬಿಸಿಲು ತಡೆಯುವ ಹುಡ್ ಬಿಗಿಯುವಾಗ ಫಿಲ್ಟರೂ ಜೊತೆಗೇ ತಿರುಗಿಬಿಟ್ಟಿತ್ತು. ಮತ್ತೊಮ್ಮೆ ತೆಗೆಯೋಣವೆಂದು ಸಿಂಗಾಪುರಕ್ಕೆ ಓಡಿದ. ಬಾವಿಯ ಬಾಯಿಮಟ್ಟ ಒಡೆದ ಇಟ್ಟಿಗೆ, ಕಾಂಕ್ರೀಟಿನ ತುಂಡು ತುಂಬಿದ್ದವು.

ಬೇರೆ ದಾರಿಯಿಲ್ಲದೆ ಇದ್ದುದನ್ನೇ ತಾಯಿಯ ಕೈಗಿತ್ತು, ಬಲಗಣ್ಣು ಮುಚ್ಚಿಕೊಂಡು ನೋಡಲು ಹೇಳಿದ. ಒಂಟಿ ಕಣ್ಣಿಗೆ ಆಳ ಸಿಗುವುದಿಲ್ಲ. ಹೊಳಪು ಹೋದ ಮೇಲೆ ನೀರಿರುವುದೂ ಗೊತ್ತಾಗುವುದಿಲ್ಲ. ಮೆಟ್ಟಿಲು ಇಲ್ಲೇ ಇದ್ದಷ್ಟು ನಿಚ್ಚಳವಾಗಿತ್ತು. ಸುಬ್ಬಮ್ಮ ಬಹಳ ಹೊತ್ತು ನೋಡಿದಳು.

“ಇಷ್ಟೇನಾ ಆಳ?” ಅಂದಳು. “ಬಗ್ಗಿ ಕೈ ಆಕಿದ್ರೆ ಸಿಗ್ತಿದ್ಲಲ್ಲೋ.”

ಅಲ್ಲಿ ಎರಡಾಳು ನೀರಿತ್ತು, ಫಿಲ್ಟರಿನಿಂದ ಹಾಗೆ ಕಾಣುತ್ತಿದೆ ಎಂದು ಅಶ್ವತ್ಥ ಬಗೆಬಗೆಯಾಗಿ ತಿಳಿಹೇಳಿದ.

“ಸುಮ್ಕಿರಪ್ಪ. ನಂಗೆ ಕಾಣ್ತಾ ಐತೆ. ನಾನ್ ಓಗಿದ್ರೆ ಎತ್ಕೋತಿದ್ದೆ.”

ಮಗಳು ಸತ್ತಳೆಂಬ ದುಃಖವನ್ನು ಹೇಗೋ ಸಹಿಸಿಕೊಂಡು ಬಾಳಿದ್ದ ಹೆಂಗಸು, ಮಗಳು ಕೈಗೆ ಸಿಗುವಷ್ಟು ಹತ್ತಿರವಿದ್ದಳೆಂಬುದನ್ನು ಸಹಿಸಲಾರದೆ ಹೋದಳು. ಬಂದವರಿಗೆಲ್ಲ ಅದನ್ನೇ ಹೇಳಿದಳು. ಅಂದು ತನ್ನನ್ನು ಹಿಡಿದುಕೊಂಡಿದ್ದ ಹೆಂಗಸರಿಗೆ, ತೀರಿಹೋಗಿದ್ದ ಗಂಡನಿಗೆ ಶಾಪ ಹಾಕಿದಳು. 2012ರಲ್ಲಿ ಹಾಸಿಗೆ ಹಿಡಿದಾಗ ಮಂಚದ ಅಂಚಿಗೆ ಜರುಗಿ, ಕೈ ಕೆಳಕ್ಕೆ ಚಾಚಿ ತಡಕಾಡುತ್ತಿದ್ದಳು. ಅಶ್ವತ್ಥ ಆ ಕೈಯನ್ನೆತ್ತಿ ಹೊದಿಕೆಯೊಳಗಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಕೆಳಗಿಳಿಯುತ್ತಿತ್ತು.