ಟೈಲರಕ್ಕನ ಕಚ್ಚಾ ಹೊಲಿಗೆ
ಓದಿದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಿ ಸುಮ್ಮನಾಗುವವಳಲ್ಲ ನಮ್ಮ ಟೈಲರಕ್ಕ. ಒಂಟಿ ಹೆಣ್ಣೊಬ್ಬಳ ಪ್ರೇಮದ ಫಜೀತಿಗಳಿದ್ದ ಒಂದು ನಗೆ ಕಾದಂಬರಿಯ ಮೊದಲ ಭಾಗವನ್ನು ಲೈಬ್ರರಿಯಿಂದ ತಂದು, ಮನೆಯಲ್ಲಿ ಒಂದೇ ತಟ್ಟೆ ತೊಳೆಯುವ ಅಕ್ಕ ಅಳತೆ ಕೊಡಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದಳು. ನಾಯಕಿ ಅವಳಿಗೆ ‘ನಮ್ಮ ಹುಡುಗಿ’. ನಕ್ಕೂ ನಕ್ಕೂ ಯಾರದೋ ಅಂಗಿಗೆ ಮೂರು ತೋಳು ಇಟ್ಟದ್ದೂ ಉಂಟು. ಎರಡನೇ ಭಾಗದ ಕೊನೇ ಅಧ್ಯಾಯದಲ್ಲಿ ನಮ್ಮ ಹುಡುಗಿಗೆ ಮದುವೆಯಾಗಿಬಿಟ್ಟಿತು, ಅಕ್ಕನಿಗೆ ಊಟ ಸೇರಲಿಲ್ಲ. “ಮೊದಲು ತನ್ನ ಜೋಕಿಗೆ ತಾನೇ ನಗ್ತಿದ್ಲು, ಈಗ ಅವನ ಜೋಕಿಗೆ ನಗ್ತಾಳೆ. ಅವೂ ಒಂದು ಜೋಕಾ?” ಎಂದು, ಆ ಅಧ್ಯಾಯವನ್ನೇ ಬಿಳಿ ದಾರದಲ್ಲಿ ಮುಚ್ಚಿ ಹೊಲಿದು ಲೈಬ್ರರಿಗೆ ವಾಪಸು ಕೊಟ್ಟಳು. ಲೈಬ್ರರಿಯವನು ಬಿಚ್ಚಿದ, ಅವಳು ಮತ್ತೆ ಒಯ್ದು ಹೊಲಿದಳು. “ಅಕ್ಕಾ, ಇನ್ನೊಂದು ಸಲ ಹೊಲಿದ್ರೆ ನಿಮಗೆ ಪುಸ್ತಕವೇ ಇಲ್ಲ” ಎಂದು ಅವನು ದಾರದ ತುದಿ ಹಿಡಿದು ಎಳೆದರೆ, ಪೂರ್ತಿ ಹೊಲಿಗೆ ಸರ್ರನೆ ಕೈಗೆ ಬಂತು. “ನೀವು ಹಾಕಿದ ಗುಂಡಿ ಅಂಗಿ ಹರಿದ್ರೂ ಬೀಳಲ್ಲ. ಇದಕ್ಯಾಕೆ ಕಚ್ಚಾ ಹೊಲಿಗೆ?” ಅಕ್ಕ ಸೂಜಿಯನ್ನು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು. “ಒಂಟಿಯಾಗಿರೋದು ಸಾಕು ಅಂತ ನಮ್ಮ ಹುಡುಗಿಗೇ ಒಂದಿನ ಅನ್ನಿಸಿದ್ರೆ, ಒಳಗಿಂದ ಎಳೆದ್ರೆ ಬಿಚ್ಚಿಕೊಳ್ಳಲಿ ಅಂತ.”