ಅಜ್ಜ ಮೈದಾನಕ್ಕೆ ವರ ನೋಡಲು ಹೋದದ್ದು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ವರ ನೋಡುವುದೆಂದರೆ ವರ ಕೆಲಸ ಮಾಡುವುದನ್ನು ನೋಡುವುದು ಅಂತಲೇ ಲೆಕ್ಕ. ಜಾತಕ ಆಮೇಲೆ, ಫೋಟೋ ಆಮೇಲೆ. ನಮ್ಮ ಅಜ್ಜ ಧಾರವಾಡದಿಂದ ಪುಣೆಗೆ ಬಂದು, ಒಂದು ಸರಕಾರಿ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನು. ಮನುಷ್ಯನ ಗುಣ ಅವನು ಕೆಲಸಕ್ಕೆ ಕೂತಾಗಲೇ ತಿಳಿಯುತ್ತದೆ ಅಂತ ಅವನ ಖಾತ್ರಿ. ದೊಡ್ಡ ಅತ್ತೆಗೆ ಬ್ಯಾಂಕಿನ ಹುಡುಗನ ಸಂಬಂಧ ಬಂದಾಗ ಅಜ್ಜ ಹೇಳದೆ ಕೇಳದೆ ಆ ಬ್ಯಾಂಕಿಗೆ ಹೋಗಿ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತಿದ್ದನಂತೆ. ಹುಡುಗ ಜವಾನನ ಜೊತೆ ಹೆಂಗ ಮಾತಾಡ್ತಾನ, ಚಹಾಕ್ಕೆ ಎದ್ದು ಹೋದವ ಎಷ್ಟೊತ್ತಿಗೆ ತಿರುಗಿ ಬರ್ತಾನ, ಎಲ್ಲಾ ನೋಡಿಕೊಂಡು ಬಂದು, ಕೋಟು ಕಳಚುತ್ತಾ "ಆಗಬಹುದು" ಅಂದನಂತೆ. ಅಷ್ಟೇ, ಮದುವೆ ನಿಶ್ಚಯ.

ಆಮೇಲೆ ಸಣ್ಣ ಅತ್ತೆಯ ಪಾಳಿ. ಸುಧಾ ಅತ್ತೆ ನನ್ನ ಅಪ್ಪನ ಕೊನೆಯ ತಂಗಿ, ಯೆರವಡಾದಲ್ಲಿ ನಮ್ಮ ಚಾಳಿನ, ಅಂದರೆ ವಠಾರದ, ಹತ್ತಿರದ ಮರಾಠಿ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದಳು. ಬಂದ ಸಂಬಂಧಗಳನ್ನೆಲ್ಲ ಏನೋ ಒಂದು ನೆಪ ಹೇಳಿ ದಾಟಿಸುವುದರಲ್ಲಿ ಅವಳು ಎತ್ತಿದ ಕೈ. ಒಬ್ಬ ಕೂತಲ್ಲೇ ನೆಟಿಗೆ ಮುರೀತಾನ, ಇನ್ನೊಬ್ಬ ಉಪ್ಪಿಟ್ಟು ತಿನ್ನುವಾಗ ಸಪ್ಪಳಾ ಮಾಡ್ತಾನ, ಮತ್ತೊಬ್ಬ ತನ್ನ ಅವ್ವನ ಮುಖ ನೋಡದೆ ತನ್ನ ಹೆಸರೂ ಹೇಳೂದಿಲ್ಲ. ಅಜ್ಜಿ ಹಣೆ ಹಣೆ ಬಡಿದುಕೊಂಡಿದ್ದಳು. ಆ ವರ್ಷ, ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ, ಬೆಳಗಾವಿಯಿಂದ ನಮ್ಮ ದೂರದ ಬಳಗದ ಶಾಮಕಾಕಾ ಹೊಸ ಸಂಬಂಧ ಹೊತ್ತು ಬಂದ.

"ಹುಡುಗ ಏನ್ ಮಾಡ್ತಾನ?" ಅಜ್ಜ ಕೇಳಿದ.

"ಫುಟ್‌ಬಾಲ್ ಆಡ್ತಾನ್ರಿ."

"ಅದು ಇರ್ಲಿ. ಕೆಲಸಾ ಏನು?"

"ಅದ ಕೆಲಸಾರೀ. ಇಲ್ಲೇ ಪುಣೆದಾಗ ಒಂದು ಕ್ಲಬ್ಬಿನ್ಯಾಗ ಸ್ಟ್ರೈಕರ್ ಅದಾನ, ಗೋಲ್ ಹೊಡ್ಯಾಂವ. ಪಗಾರಾ ಕೊಡ್ತಾರ."

"ಆಡ್ಲಿಕ್ಕೆ ಪಗಾರಾ ಕೊಡ್ತಾರಾ?" ಅಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಶಾಮಕಾಕಾ ಸುಳ್ಳು ಹೇಳುತ್ತಿದ್ದಾನೋ ಅಂತ ಅವನ ಮುಖವನ್ನೇ ನೋಡಿದ.

ನನಗಂತೂ ಸ್ವರ್ಗ ಮೂರೇ ಗೇಣು. ನಾನಾಗ ನಾಲ್ಕನೇ ಇಯತ್ತೆ. ಸಂಜೆ ಗಲ್ಲಿಯಲ್ಲಿ ಎರಡೆರಡು ಚಪ್ಪಲಿ ಇಟ್ಟು ಗೋಲು ಮಾಡಿ, ಪ್ಲಾಸ್ಟಿಕ್ ಚೆಂಡು ಒದೆಯುವುದೇ ನಮ್ಮ ಆಟ. ಲಂಗ ಇದ್ದರೆ ಚೆಂಡು ಚೆನ್ನಾಗಿ ತಡೆಯುತ್ತದೆ ಅಂತ ಹುಡುಗರು ನನ್ನನ್ನೇ ಗೋಲಿಗೆ ನಿಲ್ಲಿಸುತ್ತಿದ್ದರು, ಕಳ್ಳರು. ಮಾತು ನಡೆಯುವ ಮೊದಲೇ ನಾನು ಇಡೀ ಚಾಳಿಗೆ "ಮಾಝೇ ಮಾಮಾ ಸ್ಟ್ರೈಕರ್ ಆಹೇತ", ನಮ್ಮ ಮಾಮಾ ಸ್ಟ್ರೈಕರ್, ಅಂತ ಡಂಗುರ ಸಾರಿಬಿಟ್ಟೆ.

ಹುಡುಗ ಮನೆಗೆ ಬಂದ. ಹೆಸರು ಮಾರುತಿ. ಕಪ್ಪಗೆ, ಸಣ್ಣಗೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಅವ್ವ ಮಾಡಿದ ಶೇಂಗಾ ಹೋಳಿಗೆಯ ವಾಸನೆ ಚಾಳಿನ ಮೆಟ್ಟಿಲ ತನಕ ಹಬ್ಬಿತ್ತು. ಕೇಳಬೇಕಾದ್ದನ್ನೆಲ್ಲ ನಮ್ಮವರು ಕೇಳಿದರು, ಅವನು ಹೌದ್ರಿ, ಇಲ್ರಿ ಅಂದ. ಕೊನೆಗೆ ಅತ್ತೆಯ ಕಡೆ ತಿರುಗಿ, "ನಿಮಗ ಏನರ ಕೇಳೂದದ ಏನ್ರಿ?" ಅಂದ. ಅಲ್ಲಿಯ ತನಕ ಬಂದ ಯಾವ ಗಂಡೂ ಆ ಮಾತು ಕೇಳಿರಲಿಲ್ಲ. ಅತ್ತೆ, "ಚೆಂಡು ತಲಿಗೆ ಬಡದ್ರ ನೋಯೂದಿಲ್ಲೇನ್ರಿ?" ಅಂದಳು. "ಭಾಳ ನೋಯ್ತದರೀ" ಅಂದ ಅವನು. ಇಬ್ಬರೂ ನಕ್ಕರು. ಅವತ್ತು ಸಂಜೆ ಅತ್ತೆ ಪಾತ್ರೆ ಒರೆಸುತ್ತಾ ಅಜ್ಜಿಗೆ, "ನನಗ ಒಪ್ಪಿಗಿ ಅದ" ಅಂದಳು. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

"ತಡೀರಿ," ಅಂದ ಅಜ್ಜ. "ನಾ ಇನ್ನೂ ಹುಡುಗನ ಆಫೀಸ್ ನೋಡಿಲ್ಲ."

ಹೀಗೆ ನಾವು ಒಂದು ಭಾನುವಾರ ವರನ ಆಫೀಸಿಗೆ ಹೊರಟೆವು. ಅಜ್ಜ, ಅಜ್ಜಿ, ಅಪ್ಪ, ಅವ್ವ, ಅತ್ತೆ, ನಾನು, ಜೊತೆಗೆ ಧಪಾಟಿ ರೊಟ್ಟಿಯ ಡಬ್ಬಿ, ಚುರಮುರಿ, ಮೂರು ಛತ್ರಿ. ಪುಣೆಯ ಕ್ಯಾಂಪ್ ಪ್ರದೇಶದ ಕಡೆಗಿನ ಬಸ್ಸಿನಲ್ಲಿ ಕಂಡಕ್ಟರ್ "ಲಗ್ನಾಲಾ ಕಾ?", ಮದುವೆಗೇನು, ಅಂತ ಕೇಳಿದ. ಮೈದಾನದ ಕಲ್ಲಿನ ಮೆಟ್ಟಿಲು ಒದ್ದೆಯಾಗಿತ್ತು. ಹಸಿ ಹುಲ್ಲು, ಕೆಸರು, ಆಟಗಾರರು ಕಾಲಿಗೆ ಬಳಿದುಕೊಂಡ ಮುಲಾಮು, ಬಿಸಿ ಶೇಂಗಾ, ಎಲ್ಲದರ ವಾಸನೆ ಒಟ್ಟಿಗೆ ಬರುತ್ತಿತ್ತು. ಅಜ್ಜ ಕೋಟು ಹಾಕಿಕೊಂಡೇ ಕೂತ. ಕೆಲಸದ ಜಾಗ ನೋಡಿ!

ಆಟ ಶುರುವಾಯಿತು. ಎಲ್ಲರೂ ಕೆಸರೆಬ್ಬಿಸಿ ಓಡುತ್ತಿದ್ದರು. ಮಾರುತಿ ಮಾತ್ರ ಆ ತುದಿಗೆ, ಎದುರಾಳಿಗಳ ಗೋಲಿನ ಹತ್ತಿರ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಹತ್ತು ಹೆಜ್ಜೆ ಆಕಡೆ, ಹತ್ತು ಹೆಜ್ಜೆ ಈಕಡೆ. ನಮ್ಮ ಹಿಂದೆ ಕೂತ ಯಾರೋ, "ಅರೇ ಉಭಾ ಕಾಯ ರಾಹಿಲಾಸ, ಪಳ ನಾ!" ಅಂತ ಕೂಗಿದ. ನಿಂತೇ ಇದ್ದಾನಲ್ಲ, ಓಡೋ ಅಂತ. ಅಜ್ಜನ ಮುಖ ಸಣ್ಣಗಾಯಿತು.

"ಹೆಸರು ಮಾರುತಿ," ಅಂದ. "ನಿಂತಿರೂದು ನೋಡಿದ್ರ ಲೈಟಿನ ಕಂಬ."

ಎದುರಾಳಿಗಳು ನಮ್ಮವರಿಗೆ ಒಂದು ಗೋಲು ಹಾಕಿದರು. ಮೆಟ್ಟಿಲ ಮೇಲಿದ್ದ ಮಂದಿಯೆಲ್ಲ ಹಾ ಅಂತ ಉಸಿರು ಬಿಟ್ಟಾಗ ಅತ್ತೆ ನನ್ನನ್ನು ತಿವಿದು, "ಏನಾತ?" ಅಂದಳು. ಅವಳು ಆ ಕಡೆ ನೋಡಿರಲೇ ಇಲ್ಲ, ಅವಳ ಕಣ್ಣು ಮಾರುತಿಯ ಮೇಲೇ ಇತ್ತು.

ಆಟ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಬ್ಬ ಹುಡುಗ ಬಲಗಡೆಯಿಂದ ಮೂವರನ್ನು ದಾಟಿ ಚೆಂಡು ತಂದು ಗೋಲಿನ ಮುಂದೆ ತಳ್ಳಿದ. ಮಾರುತಿ ಕಾಲು ಚಾಚಿದ, ಅಷ್ಟೇ. ಗೋಲ್! ಮೈದಾನವೆಲ್ಲ ಕುಣಿಯಿತು. ನಾನು ಚುರಮುರಿ ಚೆಲ್ಲಿದೆ. ಇನ್ನೇನು, ಮದುವೆ ಆದ ಹಾಗೇ ಅಂತ ಅಜ್ಜನ ಕಡೆ ನೋಡಿದರೆ, ಅವನು ಛತ್ರಿ ಮಡಚುತ್ತಿದ್ದ.

"ಈ ಸಂಬಂಧ ಬ್ಯಾಡ" ಅಂದ.

"ಯಾಕ್ರಿ ಅಪ್ಪಾ? ಗೋಲ್ ಹೊಡದನಲ್ಲ!" ಅಪ್ಪ ಕಣ್ಣು ಕಣ್ಣು ಬಿಟ್ಟ.

"ಅದಕ್ಕ ಬ್ಯಾಡ. ಅಡಗಿ ಮಾಡಿದಾಂವ ಒಬ್ಬ, ಬಡಿಸಿ ಹೆಸರು ತಗೊಂಡಾಂವ ಒಬ್ಬ. ಹತ್ತು ಮಂದಿ ಬೆವರು ಸುರಿಸಿ ಚೆಂಡು ತಂದು ಕಾಲಾಗ ಇಟ್ರು, ಈ ಸಾಹೇಬ್ರು ಒಂದ ಒದ್ದ್ರು. ಎಲ್ಲಾರೂ ಇವನ್ನ ಎತ್ತಿಕೊಂಡು ಕುಣದ್ರು. ಇಂಥಾವ್ರನ್ನ ನಮ್ಮ ಆಫೀಸಿನ್ಯಾಗ ಭಾಳ ನೋಡೇನಿ. ಮಂದಿ ಬರದ ಫೈಲಿಗೆ ಸಹಿ ಹಾಕಿ ಬಡ್ತಿ ಹೊಡಕೊಂಡು ಹೋಗ್ತಾರ."

ಅಯ್ಯೋ ಶಿವನೇ! ಗೋಲು ಹೊಡೆದದ್ದಕ್ಕೆ ಕೈಬಿಟ್ಟುಹೋದ ವರ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಮೂಗಿನ ತುದಿ ಕೆಂಪಾಗಿತ್ತು.

ಮೂರ್ನಾಲ್ಕು ದಿನ ಅವಳು ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ, ಜಗಳವನ್ನೂ ಮಾಡಲಿಲ್ಲ. ಜಗಳ ಮಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಅಜ್ಜ ಎಸ್‌ಟಿಡಿ ಬೂತಿಗೆ ಹೋಗಿ ಶಾಮಕಾಕಾನಿಗೆ ಬೇಡ ಅಂತ ತಿಳಿಸಲು ಕೋಟು ಹಾಕಿಕೊಂಡ ಹೊತ್ತಿಗೆ ಅವಳು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ಇನ್ನೊಂದು ಸಲಾ ನೋಡ್ರಿ. ಆಮ್ಯಾಲೆ ಬ್ಯಾಡ ಅಂದ್ರ ಬ್ಯಾಡ."

"ನೋಡೂದೇನದ? ನೋಡೇನಲ್ಲ."

"ನೀವು ಚೆಂಡು ನೋಡೀರಿ. ಈ ಸಲಾ ಚೆಂಡು ನೋಡಬ್ಯಾಡ್ರಿ. ಅವ್ರನ್ನಷ್ಟ ನೋಡ್ರಿ."

ಅಜ್ಜ ಕೋಟು ಕಳಚಿ ಗೂಟಕ್ಕೆ ಹಾಕಿದ.

ಮುಂದಿನ ವಾರ ಧೋ ಧೋ ಮಳೆ. ಅಜ್ಜ, ಅತ್ತೆ, ಹಟ ಹಿಡಿದ ನಾನು, ಮೂರೇ ಮಂದಿ ಹೋದೆವು. ಅಜ್ಜ ಮಾತಿಗೆ ತಪ್ಪುವವನಲ್ಲ, ಚೆಂಡು ಎಲ್ಲೇ ಹೋಗಲಿ, ಮಾರುತಿಯ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ನಾನೂ ಹಾಗೇ ನೋಡಿದೆ. ಆಗ ಕಂಡದ್ದು ಬೇರೆಯೇ ಆಟ. ಅವನು ಖಾಲಿ ಜಾಗ ನೋಡಿ ಜೀವ ಬಿಟ್ಟು ಓಡುತ್ತಿದ್ದ, ಚೆಂಡು ಬರುತ್ತಿರಲಿಲ್ಲ. ತಿರುಗಿ ಬರುತ್ತಿದ್ದ. ಮತ್ತೆ ಓಡುತ್ತಿದ್ದ, ಮತ್ತೂ ಚೆಂಡು ಬರುತ್ತಿರಲಿಲ್ಲ. ಸೊಂಟದ ಮೇಲೆ ಕೈ ಇಡುತ್ತಿದ್ದದ್ದು ಉಸಿರು ತಗೊಳ್ಳಲಿಕ್ಕೆ. ಅವನ ಬೆನ್ನಿಗೇ ಅಂಟಿಕೊಂಡ ಎದುರಾಳಿಯ ಗೂಳಿಯಂಥ ಹುಡುಗನೊಬ್ಬ, ರೆಫ್ರಿ ಆಚೆ ನೋಡಿದಾಗೆಲ್ಲ ಇವನ ಪಕ್ಕೆಗೆ ಮೊಣಕೈ ತಿವಿಯುತ್ತಿದ್ದ, ಹಿಮ್ಮಡಿ ತುಳಿಯುತ್ತಿದ್ದ, ಅಂಗಿ ಹಿಡಿದು ಎಳೆಯುತ್ತಿದ್ದ.

"ಅಂಗಿ ಜಗ್ಗಾಕತ್ತಾನಲ್ಲ ಆ ಮಗಾ!" ಅಜ್ಜ ಎದ್ದುನಿಂತ. "ಓ ಸಾಹೇಬ, ಇಕಡೆ ಬಘಾ ನಾ! ಕಾಯ ಚಾಲಲಂಯ ಹೇ?"

ಇತ್ತ ನೋಡಿ, ಏನು ನಡೆದಿದೆ ಇದು ಅಂತ ಕೂಗಿದರೂ ರೆಫ್ರಿ ನೋಡಲಿಲ್ಲ. ಅಜ್ಜ ಛತ್ರಿ ಮೇಲೆತ್ತಿ ಆಡಿಸಿದ. ತಲೆಯ ಮೇಲೆ ಮಳೆ ಸುರಿಯುತ್ತಿದ್ದದ್ದು ಅವನಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಕೊನೆಗೊಮ್ಮೆ ಚೆಂಡು ಬಂತು. ಮಾರುತಿ ಒದ್ದ, ಅದು ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಜನ ಬಾಯಿಗೆ ಬಂದ ಹಾಗೆ ಬೈದರು, ಅವನ ತಾಯಿಯನ್ನೂ ಬಿಡಲಿಲ್ಲ. ಅತ್ತೆ ನನ್ನ ಕಿವಿ ಮುಚ್ಚಿದಳು. ತಂಡ ಸೋತಿತು.

ಎಲ್ಲರೂ ಹೋದ ಮೇಲೆ ಅವನೊಬ್ಬ ಕೆಳಗಿನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಅಜ್ಜ ಧೋತರ ಎತ್ತಿಕಟ್ಟಿ ಕೆಸರಿನಲ್ಲಿ ಇಳಿದು ಹೋದ. ನಾವು ಹಿಂದೆ. ಅವನ ಹೆಬ್ಬೆರಳಿನ ಉಗುರು ಕಪ್ಪಾಗಿ ಎದ್ದುಬಂದಿತ್ತು. ನಮ್ಮನ್ನು ಕಂಡು ಗಡಿಬಿಡಿಯಿಂದ ನಿಂತ.

"ಕೂಡ್ರಿ, ಕೂಡ್ರಿ," ಅಂದ ಅಜ್ಜ. "ಈ ಕೆಲಸಾ ಇನ್ನ ಎಷ್ಟು ವರ್ಷ ಮಾಡಬಹುದು?"

"ಮೂವತ್ತು, ಮೂವತ್ತೆರಡರ ತನಕ ಆಗಬಹುದ್ರಿ. ಮೊಣಕಾಲು ಕೈಕೊಟ್ರ ಅದಕ್ಕೂ ಮೊದ್ಲ."

"ಆಮ್ಯಾಲೆ?"

ಅವನು ಒದ್ದೆ ಸಾಕ್ಸು ಹಿಂಡುತ್ತಾ ನೆಲ ನೋಡಿದ. "ಗೊತ್ತಿಲ್ರಿ" ಅಂದ.

ಹೋಯಿತು, ಕೈಗೆ ಬಂದ ಮಾಮಾ ಹೋದ. ಅಷ್ಟರಲ್ಲಿ ಛತ್ರಿಯ ಕೆಳಗಿಂದ ಅತ್ತೆ, "ಆಮ್ಯಾಲೆ ನಾ ಇರ್ತೀನಲ್ರಿ ಅಪ್ಪಾ. ನನ್ನ ಸಾಲಿ ನೌಕರಿ ಅದ" ಅಂದಳು.

ಅಜ್ಜ ಮಗಳನ್ನು ನೋಡಿದ, ಅವನನ್ನು ನೋಡಿದ. "ಮದ್ಲ ಮನಿಗೆ ನಡೀರಿ. ಆ ಬೆರಳಿಗೆ ಅರಿಷಿಣಾ ಹಚ್ಚಿ ಕಟ್ಟಬೇಕು. ಹಿಂಗ ಬಿಟ್ರ ಕೀವು ಆಗ್ತದ" ಅಂದ. ರಿಕ್ಷಾದಲ್ಲಿ ನಾನು ಮಾರುತಿ ಮಾಮಾನ ಪಕ್ಕ ಕೂತೆ.

ದೀಪಾವಳಿ ಮುಗಿದ ಮೇಲೆ ಮದುವೆ ಆಯಿತು. ಅಲ್ಲಿಂದ ಮಾಮಾ ಆಡಿದಷ್ಟು ವರ್ಷವೂ ನಮ್ಮ ಭಾನುವಾರಗಳು ಮೈದಾನದಲ್ಲೇ ಕಳೆದವು. ಅವನ ಕಾಲ ಚೆನ್ನಾಗಿತ್ತು. ಒಂದು ವರ್ಷ ಮರಾಠಿ ಪೇಪರಿನಲ್ಲಿ ಅವನ ಫೋಟೋ ಬಂತು, ಗಾಳಿಯಲ್ಲಿ ಅಡ್ಡಡ್ಡ ತೇಲುತ್ತಿದ್ದ. ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ಪೇಪರ್ ಕೆಡಿಸಿದಳು. ಮನೆಗೆ ಬಂದವರು ಎಷ್ಟು ಗೋಲು ಅಂತ ಕೇಳಿದರೆ ಅಜ್ಜನಿಗೆ ಸಿಟ್ಟು ಬರುತ್ತಿತ್ತು. "ಅದೇನ ಕೇಳ್ತೀರಿ? ಎಷ್ಟು ಓಡಿದ ಅಂತ ಕೇಳ್ರಿ" ಅಂತ ರೇಗುತ್ತಿದ್ದ. ಮೆಟ್ಟಿಲ ಮೇಲೆ ಯಾರಾದರೂ ಮಾಮಾನನ್ನು ಬೈದರೆ ಅವರ ಗತಿ ದೇವರೇ ಬಲ್ಲ.

ಹೊಸ ಶತಮಾನ ಶುರುವಾದ ಮೇಲೆ ಮಾಮಾನ ಬಲಗಾಲಿನ ಮೊಣಕಾಲು ಹೋಯಿತು. ಅದು ಸರಿಹೋಗುವ ಮೊದಲೇ ಕ್ಲಬ್ಬಿನವರು ತಂಡವನ್ನೇ ಬಂದ್ ಮಾಡಿದರು. ಮಾಮಾನಿಗೆ ಮೂವತ್ತೊಂದೂ ತುಂಬಿರಲಿಲ್ಲ. ಒಂದು ವರ್ಷ ಅವನು ಮನೆ ಬಿಟ್ಟು ಹೊರಗೆ ಬರಲಿಲ್ಲ, ಟೀವಿಯಲ್ಲಿ ಆಟ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಅತ್ತೆ ಸಾಲಿಗೆ ಹೋಗಿ ಬಂದು, ಮನೆಯಲ್ಲೇ ಹುಡುಗರಿಗೆ ಟ್ಯೂಷನ್ ಹೇಳಿ ಸಂಸಾರ ನಡೆಸಿದಳು, ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಆಮೇಲೆ ಮಾಮಾನಿಗೆ ಪುಣೆಯ ಆಚೆ ಕುರಕುಂಭದ ಒಂದು ಕಾರ್ಖಾನೆಯ ಗೋದಾಮಿನಲ್ಲಿ ನೌಕರಿ ಸಿಕ್ಕಿತು. ಆ ಸುದ್ದಿ ಕೇಳಿದಾಗ ಅಜ್ಜ ಹಾಸಿಗೆ ಹಿಡಿದಿದ್ದ. "ಕೆಲಸಾ ಹೆಂಗದ, ಒಮ್ಮೆ ಹೋಗಿ ನೋಡಬೇಕು" ಅಂದ. ಹೋಗಲಿಕ್ಕೆ ಆಗಲಿಲ್ಲ, ಆ ಮಳೆಗಾಲದಲ್ಲೇ ತೀರಿಕೊಂಡ.

ಈಗ ನಾನು ಪುಣೆಯ ಮಗರಪಟ್ಟಾದ ಒಂದು ಆಫೀಸಿನಲ್ಲಿ ಏಳನೇ ಮಹಡಿಯಲ್ಲಿ ಕೂಡುತ್ತೇನೆ. ಅಪ್ಪ ಒಂದು ಸಲ ನಾನು ಮರೆತ ಡಬ್ಬಿ ತಂದು, ಗೇಟಿನವನ ಕೈಗೆ ಕೊಟ್ಟು ಹೋದ. ನನ್ನ ಗಂಡ ಏನು ಕೆಲಸ ಮಾಡುತ್ತಾನೆ ಅಂದರೆ ಅವನ ಕಂಪನಿಯ ಹೆಸರು ಹೇಳಬಲ್ಲೆ, ಅಷ್ಟೇ. ಅವನಿಗೂ ನನ್ನದು ಅಷ್ಟೇ ಗೊತ್ತು. ನಮ್ಮ ಮದುವೆಯ ಮಾತುಕತೆಯಲ್ಲಿ ಎರಡೂ ಕಡೆಯವರು ಪಗಾರದ ಚೀಟಿ ನೋಡಿ ತೃಪ್ತರಾದರು.

ಹೋದ ತಿಂಗಳು ಒಂದು ದಿನ ಎಲ್ಲರ ಎದುರಿಗೆ ನನಗೆ ಮೇಲಿನವರಿಂದ ಬೈಗುಳ ಬಿತ್ತು. ತಪ್ಪು ಬೇರೆಯವರದು, ನನ್ನ ತಲೆಗೆ ಬಂತು. ಮನೆಗೆ ಹೋಗಲು ಮನಸ್ಸಾಗದೆ ಸೀದಾ ಅತ್ತೆಯ ಮನೆಗೆ ಹೋದೆ. ಮಾಮಾ ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ. ನಾನು ಅತ್ತೆ ಕೊಟ್ಟ ಚಹಾ ಕುಡಿಯುತ್ತಾ ಕೂತೆ. ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

"ಶಾಲೂ, ಆಫೀಸಿನ್ಯಾಗ ಭಾಳ ತ್ರಾಸ ಕೊಡ್ತಾರೇನು?"

"ಹಂಗೇನಿಲ್ಲ ಮಾಮಾ."

"ನಾ ಒಂದು ದಿನಾ ಬಂದು ನೋಡ್ಲೇನು? ಸುಮ್ಮನ ಒಂದು ಮೂಲ್ಯಾಗ ಕೂತಿರ್ತೀನಿ."

ಕಪ್ಪು ಕೆಳಗಿಟ್ಟೆ.

"ಒಳಗ ಬಿಡೂದಿಲ್ಲ ಮಾಮಾ" ಅಂದೆ.